ತೋಟದ ನಿಸ್ತಂತು ಸೆನ್ಸರ್ ಜಾಲದಲ್ಲಿ ಬ್ಯಾಟರಿ ಉಳಿಸುವ ಬಗೆ

ಭದ್ರಾ ನಾಲೆಯ ನೀರು ಕಾಣುವ ಚನ್ನಗಿರಿ, ಹೊನ್ನಾಳಿ ಕಡೆಯ ಅಡಿಕೆ ತೋಟಗಳಾಗಲಿ, ಕೊಳವೆಬಾವಿಯನ್ನೇ ನಂಬಿರುವ ಹೊಳಲ್ಕೆರೆ, ಹಿರಿಯೂರು, ಚಳ್ಳಕೆರೆಯ ಜಮೀನುಗಳಾಗಲಿ, ಮಣ್ಣಿನ ತೇವಾಂಶ ಅಳೆಯಲು ನಿಸ್ತಂತು ಸೆನ್ಸರ್ ಜಾಲ ಹಾಕಬೇಕೆಂದು ಹೊರಟವರು ಮೊದಲು ವಿಚಾರಿಸುವುದು ಬೆಲೆಯನ್ನು, ಆಮೇಲೆ ರೇಂಜನ್ನು. ಬ್ಯಾಟರಿಯ ಮಾತು ಬರುವುದು ಜಾಲ ಹಾಕಿ ಕೆಲವು ವಾರಗಳಾದ ಮೇಲೆ, ಒಂದೊಂದೇ ನೋಡ್‌ನಿಂದ (ಸೆನ್ಸರ್, ರೇಡಿಯೊ, ಬ್ಯಾಟರಿ ಇರುವ ಪುಟ್ಟ ಘಟಕದಿಂದ) ಮಾಹಿತಿ ಬರುವುದು ನಿಂತಾಗ. ತೋಟದ ಮೂಲೆಮೂಲೆಗೆ ಹೋಗಿ ಡಬ್ಬಿ ಬಿಚ್ಚಿ ಬ್ಯಾಟರಿ ಬದಲಿಸುವ ಕೆಲಸ ತಿಂಗಳಿಗೊಮ್ಮೆ ಬಂದರೆ ಯಾವ ರೈತರೂ ಆ ಜಾಲವನ್ನು ಉಳಿಸಿಕೊಳ್ಳುವುದಿಲ್ಲ. ಅವರನ್ನು ದೂರುವಂತೆಯೂ ಇಲ್ಲ.

ದಾವಣಗೆರೆ, ಚಿತ್ರದುರ್ಗ, ನಮ್ಮ ಈ ಎರಡು ಜಿಲ್ಲೆಗಳ ಎಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಹಾಗೂ ಎಲೆಕ್ಟ್ರಾನಿಕ್ಸ್ ಅರಿತ ಕೃಷಿಕರು ತಾವೇ ಇಂತಹ ಜಾಲ ಕಟ್ಟುವಾಗ ಶಕ್ತಿಯ ಖರ್ಚನ್ನು ಯಾವ ಕ್ರಮದಲ್ಲಿ ತಗ್ಗಿಸಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ. ಕ್ರಮಕ್ಕೆ ಒತ್ತು ಕೊಡಲು ಕಾರಣವಿದೆ. ನೋಡ್ ಅಳತೆ ಮಾಡಿ ರೇಡಿಯೊದಲ್ಲಿ ಕಳುಹಿಸಲು ಬಳಸುವ ವಿದ್ಯುತ್ತಿಗಿಂತ, ಏನೂ ಮಾಡದೆ ಕಾಯುವಾಗ ಕಳೆದುಕೊಳ್ಳುವ ವಿದ್ಯುತ್ತು ಬಹುಪಾಲು ಜಾಲಗಳಲ್ಲಿ ಹೆಚ್ಚಾಗಿರುತ್ತದೆ. ಕಾಯುವಿಕೆಯ ಖರ್ಚನ್ನು ಕಟ್ಟಿಹಾಕದೆ ಪ್ರೋಟೊಕಾಲ್‌ಗಳ ಸೂಕ್ಷ್ಮಕ್ಕೆ ಇಳಿದರೆ ಶ್ರಮ ವ್ಯರ್ಥ.

ಮೊದಲು ಲೆಕ್ಕ

ಬೆಸುಗೆ ಕಡ್ಡಿ ಹಿಡಿಯುವ ಮೊದಲು ಕಾಗದದ ಮೇಲೆ ಒಂದು ದಿನದ ಖರ್ಚನ್ನು ಬರೆಯಿರಿ. ಹದಿನೈದು ನಿಮಿಷಕ್ಕೊಮ್ಮೆ ಎಚ್ಚರಗೊಂಡು, ಒಂದು ಸೆಕೆಂಡ್ ಕಾಲ 10 ಮಿಲಿಆಂಪಿಯರ್ ಬಳಸಿ ತೇವಾಂಶ ಅಳೆದು, ಲೋರಾ (ಕಡಿಮೆ ಶಕ್ತಿಯಲ್ಲಿ ದೂರ ತಲುಪುವ) ರೇಡಿಯೊದಲ್ಲಿ 40 ಮಿಲಿಆಂಪಿಯರ್ ಬಳಸಿ 0.06 ಸೆಕೆಂಡ್ ಕಾಲ ಕಳುಹಿಸಿ, ಉತ್ತರಕ್ಕಾಗಿ ತುಸು ಹೊತ್ತು ಕಿವಿಗೊಟ್ಟು, ಮತ್ತೆ 20 ಮೈಕ್ರೊಆಂಪಿಯರ್ ನಿದ್ರೆಗೆ ಜಾರುವ ಒಂದು ನೋಡ್ ಇದೆ ಎಂದುಕೊಳ್ಳೋಣ. ಪ್ರತಿ ಸುತ್ತಿಗೆ ಅಳತೆಗೆ 10, ಪ್ರಸಾರಕ್ಕೆ 2.4, ಆಲಿಸಲು ಸುಮಾರು 1, ಒಟ್ಟು 13.4 ಮಿಲಿಆಂಪಿಯರ್-ಸೆಕೆಂಡ್ ಖರ್ಚಾಗುತ್ತದೆ. ದಿನಕ್ಕೆ 96 ಸುತ್ತು. ಅಷ್ಟೂ ಸುತ್ತಿನ ಖರ್ಚನ್ನು ಕೂಡಿಸಿ 3600ರಿಂದ ಭಾಗಿಸಿದರೆ ಸುಮಾರು 0.36 ಎಂಎಎಚ್ (ಮಿಲಿಆಂಪಿಯರ್-ಗಂಟೆ). ನಿದ್ರೆಯ ಖರ್ಚು 0.02 ಗುಣಿಸು 24, ಅಂದರೆ 0.48 ಎಂಎಎಚ್. ಎರಡೂ ಸೇರಿ ದಿನಕ್ಕೆ 0.84 ಎಂಎಎಚ್ ಆಯಿತು. 2000 ಎಂಎಎಚ್ ನಿಜವಾಗಿ ಕೈಗೆ ಸಿಗುವ ಬ್ಯಾಟರಿ ಇದ್ದರೆ ಕಾಗದದ ಮೇಲೆ ಆರು ವರ್ಷ ದಾಟುತ್ತದೆ. ಬ್ಯಾಟರಿ ತಾನಾಗಿಯೇ ಇಳಿಯುವುದು, ಬಿಸಿಲಿಗೆ ಸೊರಗುವುದು ಇದ್ದೇ ಇರುವುದರಿಂದ ವಾಸ್ತವದಲ್ಲಿ ಅಷ್ಟು ಕಾಲ ಬಾಳಿಕೆ ಬರದು.

ಇಷ್ಟು ಮಿತವಾದ ನೋಡ್‌ನಲ್ಲೂ ಅರ್ಧಕ್ಕಿಂತ ಹೆಚ್ಚು ಖರ್ಚು ನಿದ್ರೆಯದೇ ಎಂಬುದನ್ನು ಗಮನಿಸಿ. ಈಗ ಒಂದೇ ಅಂಕಿಯನ್ನು ಬದಲಿಸೋಣ: 20 ಮೈಕ್ರೊಆಂಪಿಯರ್ ಬದಲು ನಿದ್ರೆಯಲ್ಲಿ 5 ಮಿಲಿಆಂಪಿಯರ್ ಎಳೆಯುವ ಬೋರ್ಡ್ ಇಟ್ಟರೆ ದಿನಕ್ಕೆ 120 ಎಂಎಎಚ್ ಹೋಗುತ್ತದೆ, ಬ್ಯಾಟರಿ ಹದಿನಾರು ದಿನಕ್ಕೆ ಖಾಲಿ. ರೇಡಿಯೊವನ್ನು ಮಲಗಿಸದೆ ಸದಾ ಆಲಿಸುವ ಸ್ಥಿತಿಯಲ್ಲೇ ಬಿಟ್ಟರೆ, ಅದು ಸುಮಾರು 11 ಮಿಲಿಆಂಪಿಯರ್ ಬಳಸುವುದರಿಂದ, ಒಂದು ವಾರ ದಾಟುತ್ತಿದ್ದಂತೆ ಬ್ಯಾಟರಿ ಖಾಲಿ.

ಬೋರ್ಡನ್ನು ಸೋಸುವುದು

ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರ್ ಚಿಪ್ಪಿನ ಡೇಟಾಶೀಟ್ ಡೀಪ್ ಸ್ಲೀಪ್‌ನಲ್ಲಿ (ಗಾಢ ನಿದ್ರೆಯ ಸ್ಥಿತಿಯಲ್ಲಿ) 10 ಮೈಕ್ರೊಆಂಪಿಯರ್ ಎನ್ನುತ್ತದೆ. ಅದೇ ಚಿಪ್ಪನ್ನು ಹೊತ್ತ ಡೆವಲಪ್‌ಮೆಂಟ್ ಬೋರ್ಡನ್ನು ಮೀಟರಿಗೆ ಜೋಡಿಸಿದರೆ ಮಿಲಿಆಂಪಿಯರ್‌ಗಳಲ್ಲಿ ಓದುತ್ತದೆ. ಚಿಪ್ಪು ಮಲಗಿದ್ದರೂ ಅದರ ಸುತ್ತಲಿನವು ಮಲಗಿರುವುದಿಲ್ಲ. ಅಗ್ಗದ ಬೋರ್ಡುಗಳಲ್ಲಿ ಎಲ್ಲೆಡೆ ಕಾಣುವ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜನ್ನು ಸ್ಥಿರವಾಗಿಡುವ ಚಿಪ್ಪು) ತಾನೇ ಸುಮಾರು 5 ಮಿಲಿಆಂಪಿಯರ್ ನುಂಗುತ್ತದೆ. ಪವರ್ ಎಲ್‌ಇಡಿ ಒಂದೆರಡು ಮಿಲಿಆಂಪಿಯರ್. ಯುಎಸ್‌ಬಿ ಸಂಪರ್ಕದ ಚಿಪ್ಪಿನದು ಬೇರೆ. ಆದ್ದರಿಂದ ಪ್ರಯೋಗಾಲಯದಲ್ಲಿ ಪ್ರೋಗ್ರಾಂ ಬರೆಯಲು ಡೆವಲಪ್‌ಮೆಂಟ್ ಬೋರ್ಡ್ ಇರಲಿ, ತೋಟಕ್ಕೆ ಮಾತ್ರ ಬರಿಯ ಮಾಡ್ಯೂಲ್ ಹೋಗಲಿ. ರೆಗ್ಯುಲೇಟರ್ ಬೇಕೇ ಬೇಕೆಂದಾದರೆ ಎಂಸಿಪಿ1700ರಂತಹದ್ದನ್ನು ಹಾಕಿ, ಅದರ ಸ್ವಂತ ಖರ್ಚು ಸುಮಾರು 1.6 ಮೈಕ್ರೊಆಂಪಿಯರ್ ಮಾತ್ರ. ಆದರೆ ಅದು ಕೊಡಬಲ್ಲ ಗರಿಷ್ಠ ಕರೆಂಟ್ 250 ಮಿಲಿಆಂಪಿಯರ್ ಆಗಿರುವುದರಿಂದ ವೈಫೈ ಬಳಸುವ ನೋಡ್‌ಗೆ ಅದು ಸಾಲದೆ ಹೋಗಬಹುದು. ಲೋರಾ ನೋಡ್‌ಗೆ ಧಾರಾಳವಾಯಿತು.

ಬ್ಯಾಟರಿಯ ವೋಲ್ಟೇಜ್ ಅಳೆಯಲು ಹಾಕುವ ಎರಡು ರೆಸಿಸ್ಟರ್‌ಗಳೂ ಗುಟ್ಟಾಗಿ ವಿದ್ಯುತ್ ತಿನ್ನುತ್ತವೆ. ಎರಡು 100 ಕಿಲೊಓಮ್ ರೆಸಿಸ್ಟರ್‌ಗಳನ್ನು 4.2 ವೋಲ್ಟ್ ಬ್ಯಾಟರಿಗೆ ಅಡ್ಡ ಹಾಕಿದರೆ ಹಗಲೂ ರಾತ್ರಿ 21 ಮೈಕ್ರೊಆಂಪಿಯರ್ ಹರಿಯುತ್ತದೆ, ಅಂದರೆ ಮೇಲಿನ ಲೆಕ್ಕದ ಇಡೀ ನೋಡ್‌ನ ನಿದ್ರೆಯಷ್ಟು. ಒಂದೊಂದು ಮೆಗಾಓಮ್‌ನದನ್ನು ಹಾಕಿ, ನಡುವಿನ ಬಿಂದುವಿನಿಂದ ಗ್ರೌಂಡಿಗೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರ್ ಕೊಟ್ಟರೆ ಖರ್ಚು ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. ಬಳಸದ ಪಿನ್‌ಗಳನ್ನು ತೇಲಲು ಬಿಡದೆ ಒಂದು ನಿಶ್ಚಿತ ಸ್ಥಿತಿಗೆ ಕಟ್ಟುವುದು, ಪ್ರೋಗ್ರಾಂನಲ್ಲಿ ಸುಮ್ಮನೆ ಕಾಯುವ ಡಿಲೇ ಆದೇಶದ ಬದಲು ಟೈಮರ್ ಇಟ್ಟು ಮಲಗಿಸುವುದು, ಪರೀಕ್ಷೆಗಾಗಿ ಬರೆದ ಸೀರಿಯಲ್ ಪ್ರಿಂಟ್‌ಗಳನ್ನು ತೆಗೆಯುವುದು, ಇವೆಲ್ಲ ಇದೇ ಹಂತದಲ್ಲಿ ಮುಗಿಯಬೇಕು.

ನಿದ್ರೆಯನ್ನು ಅಳೆಯುವುದು

ಡೇಟಾಶೀಟನ್ನು ನಂಬಿ ಮುಂದೆ ಹೋಗಬೇಡಿ, ಅಳೆದು ನೋಡಿ. ಸಾಮಾನ್ಯ ಮಲ್ಟಿಮೀಟರನ್ನು ಮೈಕ್ರೊಆಂಪಿಯರ್ ರೇಂಜಿನಲ್ಲಿಟ್ಟು ಬ್ಯಾಟರಿಯ ಸಾಲಿಗೆ ಸೇರಿಸಿದರೆ, ನೋಡ್ ಎಚ್ಚರವಾಗಿ ರೇಡಿಯೊ ಹಾಕಿದ ಕ್ಷಣ ಮೀಟರಿನೊಳಗಿನ ರೆಸಿಸ್ಟರ್‌ನಲ್ಲೇ ವೋಲ್ಟೇಜ್ ಕುಸಿದು ನೋಡ್ ರೀಸೆಟ್ ಆಗುತ್ತದೆ. ಇದಕ್ಕೆ ಪರಿಹಾರ ಸುಲಭ: ಮೀಟರಿನ ಎರಡು ತುದಿಗಳ ನಡುವೆ ಒಂದು ಸ್ವಿಚ್ ಹಾಕಿ, ನೋಡ್ ಶುರುವಾಗುವಾಗ ಸ್ವಿಚ್ ಮುಚ್ಚಿಟ್ಟು, ಮಲಗಿದ ಮೇಲೆ ತೆರೆದು ಓದಿರಿ.

ಮೀಟರಿಗೆ ಅಷ್ಟು ಸೂಕ್ಷ್ಮತೆ ಇಲ್ಲದಿದ್ದರೆ ಕೆಪಾಸಿಟರ್ ವಿಧಾನವಿದೆ. ನೋಡ್‌ಗೆ ಬ್ಯಾಟರಿಯೊಂದಿಗೆ ಸಮಾನಾಂತರವಾಗಿ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಜೋಡಿಸಿ, ನೋಡ್ ಮಲಗಿದ ಮೇಲೆ ಬ್ಯಾಟರಿಯನ್ನು ತೆಗೆದುಬಿಡಿ. ಕೆಪಾಸಿಟರಿನ ವೋಲ್ಟೇಜ್ ಹತ್ತು ಸೆಕೆಂಡಿನಲ್ಲಿ 0.1 ವೋಲ್ಟ್ ಇಳಿದರೆ ನಿದ್ರೆಯ ಕರೆಂಟ್ 10 ಮೈಕ್ರೊಆಂಪಿಯರ್. ಒಂದೇ ಸೆಕೆಂಡಿನಲ್ಲಿ ಅಷ್ಟು ಇಳಿದರೆ 100. ಕೆಪಾಸಿಟರಿನದೇ ಸೋರಿಕೆ ಮತ್ತು ಮೀಟರ್ ಎಳೆಯುವ ಪಾಲು ಎಷ್ಟೆಂದು ತಿಳಿಯಲು ನೋಡ್ ಇಲ್ಲದೆ ಒಮ್ಮೆ ಇದೇ ಪರೀಕ್ಷೆ ಮಾಡಿ ಕಳೆಯಿರಿ. ನನ್ನ ಅಭಿಪ್ರಾಯದಲ್ಲಿ, ನಿದ್ರೆಯ ಕರೆಂಟ್ 50 ಮೈಕ್ರೊಆಂಪಿಯರ್ ಒಳಗೆ ಬರುವವರೆಗೆ ಮುಂದಿನ ಹಂತಕ್ಕೆ ಕೈಹಾಕಬಾರದು.

ಸೆನ್ಸರಿಗೆ ಬೇಕಾದಾಗ ಮಾತ್ರ ಕರೆಂಟ್

ಮಣ್ಣಿನಲ್ಲಿ ಹುಗಿಯುವ ಅಗ್ಗದ ಕೆಪಾಸಿಟಿವ್ ಸೆನ್ಸರ್ ಕೂಡ ಕೆಲವು ಮಿಲಿಆಂಪಿಯರ್ ಬಳಸುತ್ತದೆ. ಅದನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದರೆ ಇಲ್ಲಿಯವರೆಗಿನ ಕೆಲಸವೆಲ್ಲ ನೀರಿನಲ್ಲಿ ಹೋಮವಾಗುತ್ತದೆ. ಎಲೆಕ್ಟ್ರಾನಿಕ್ ಸ್ವಿಚ್ಚಿನಂತೆ ಕೆಲಸ ಮಾಡುವ ಒಂದು ಪಿ-ಚಾನೆಲ್ ಮಾಸ್‌ಫೆಟ್ ಮೂಲಕ ಸೆನ್ಸರಿನ ಪೂರೈಕೆಯನ್ನು ಹಿಡಿತದಲ್ಲಿಟ್ಟು, ಅಳೆಯುವ ಹೊತ್ತಿಗೆ ಮಾತ್ರ ಕರೆಂಟ್ ಕೊಡಬೇಕು. ಕೊಟ್ಟ ಕೂಡಲೇ ಓದಿದರೆ ಅಂಕಿ ಸರಿ ಬರುವುದಿಲ್ಲ. ಓದಿಕೆ ಸ್ಥಿರಗೊಳ್ಳಲು ಎಷ್ಟು ಮಿಲಿಸೆಕೆಂಡ್ ಬೇಕೆಂದು ಒಮ್ಮೆ ಪರೀಕ್ಷಿಸಿ ಅಷ್ಟನ್ನೇ ಕೊಡಿ. ಮೊದಲ ಲೆಕ್ಕದಲ್ಲಿ ಅಳತೆಗೆ ಒಂದು ಸೆಕೆಂಡ್ ಹಿಡಿದಿದ್ದೆವು; ಸೆನ್ಸರ್ 200 ಮಿಲಿಸೆಕೆಂಡಿನಲ್ಲಿ ಸ್ಥಿರವಾಗುವುದಾದರೆ ಎಚ್ಚರದ ಖರ್ಚಿನ ಅತಿದೊಡ್ಡ ಪಾಲು ಐದರಲ್ಲೊಂದಕ್ಕೆ ಇಳಿಯಿತು. ರೇಡಿಯೊದ ಬಗ್ಗೆ ತಲೆಕೆಡಿಸಿಕೊಳ್ಳುವವರು ಇದನ್ನು ಮರೆಯುವುದುಂಟು. ಐ2ಸಿ (ಎರಡು ತಂತಿಗಳಲ್ಲಿ ದತ್ತಾಂಶ ಸಾಗಿಸುವ ಪದ್ಧತಿಯ) ಸೆನ್ಸರ್ ಆಗಿದ್ದರೆ ಆ ತಂತಿಗಳನ್ನು ಪೂರೈಕೆಗೆ ಜೋಡಿಸುವ ಪುಲ್-ಅಪ್ ರೆಸಿಸ್ಟರ್‌ಗಳನ್ನೂ ಅದೇ ಮಾಸ್‌ಫೆಟ್‌ನ ಹಿಂದೆ ಇಡಿ, ಇಲ್ಲದಿದ್ದರೆ ಪೂರೈಕೆ ಕಡಿದರೂ ದತ್ತಾಂಶದ ತಂತಿಗಳ ಮೂಲಕ ಕರೆಂಟ್ ಒಳಕ್ಕೆ ಜಿನುಗುತ್ತದೆ.

ಎಷ್ಟು ಸಲ ಅಳೆಯಬೇಕು, ಯಾವಾಗ ಕಳುಹಿಸಬೇಕು

ಇದನ್ನು ತೀರ್ಮಾನಿಸಬೇಕಾದದ್ದು ಮಣ್ಣು. ಎರೆಭೂಮಿ ನೀರನ್ನು ಬಹಳ ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಅಲ್ಲಿ ಹದಿನೈದು ನಿಮಿಷಕ್ಕೊಮ್ಮೆ ಅಳೆದರೆ ದಿನವಿಡೀ ಅದೇ ಅಂಕಿ ಬರುತ್ತದೆ. ಮರಳು ಬೆರೆತ ಕೆಂಪು ಮಣ್ಣಿನಲ್ಲಿ ಹನಿ ನೀರಾವರಿ ನಡೆದಿರುವಾಗ ಮಾತ್ರ ತೇವಾಂಶ ನಿಮಿಷಗಳ ಲೆಕ್ಕದಲ್ಲಿ ಬದಲಾಗುತ್ತದೆ. ಹಾಗಾಗಿ ಸಾಮಾನ್ಯ ದಿನಗಳಲ್ಲಿ ಗಂಟೆಗೊಮ್ಮೆ ಅಳೆದು, ತೇವಾಂಶ ಏರುತ್ತಿರುವುದು ಕಂಡಾಗ, ಅಂದರೆ ವಾಲ್ವ್ ತೆರೆದಿದೆ ಎಂದು ನೋಡ್‌ಗೆ ಗೊತ್ತಾದಾಗ, ಐದು ನಿಮಿಷಕ್ಕೊಮ್ಮೆ ಅಳೆಯುವಂತೆ ಬರೆಯಿರಿ. ಏರಿಕೆ ನಿಂತ ಮೇಲೆ ಮತ್ತೆ ಗಂಟೆಗೊಮ್ಮೆ.

ಅಳೆದದ್ದನ್ನೆಲ್ಲ ಕಳುಹಿಸಬೇಕಾಗಿಲ್ಲ. ಹಿಂದೆ ಕಳುಹಿಸಿದ ಅಂಕಿಗಿಂತ, ಉದಾಹರಣೆಗೆ, ಶೇಕಡಾ 2ರಷ್ಟು ವ್ಯತ್ಯಾಸವಾದರೆ ಮಾತ್ರ ಕಳುಹಿಸುವುದು, ಏನೂ ಬದಲಾಗದಿದ್ದರೂ ಆರು ಗಂಟೆಗೊಮ್ಮೆ ನೋಡ್ ಬದುಕಿದೆ ಎಂದು ತಿಳಿಸುವುದು, ಈ ಎರಡು ನಿಯಮ ಸಾಕು. ಇತಿಹಾಸದ ಗ್ರಾಫ್ ಪೂರ್ತಿಯಾಗಿ ಬೇಕೆನ್ನುವವರು ಓದಿಕೆಗಳನ್ನು ಕೂಡಿಟ್ಟು ಒಟ್ಟಿಗೆ ಕಳುಹಿಸಬಹುದು. ಲೋರಾವಾನ್‌ನಲ್ಲಿ (ಲೋರಾ ರೇಡಿಯೊದ ಮೇಲೆ ನಡೆಯುವ ಜಾಲದ ನಿಯಮಾವಳಿಯಲ್ಲಿ) ಪ್ರತಿ ಪ್ಯಾಕೆಟ್ಟಿಗೂ ಸುಮಾರು 13 ಬೈಟ್‌ಗಳ ತಲೆಹೊರೆ, ಅದರ ಮುನ್ನ ಪ್ರಿಯಾಂಬಲ್ (ಸ್ವೀಕರಿಸುವವರನ್ನು ಎಚ್ಚರಿಸುವ ಮುನ್ಸೂಚನೆ) ಇರುತ್ತದೆ. ಒಳಗಿನ ಮಾಹಿತಿ ಎಷ್ಟೇ ಸಣ್ಣದಿದ್ದರೂ ಈ ಖರ್ಚು ತಪ್ಪದು. ಎಸ್‌ಎಫ್ (ಸ್ಪ್ರೆಡಿಂಗ್ ಫ್ಯಾಕ್ಟರ್, ಅಂದರೆ ಸಂಕೇತವನ್ನು ಎಷ್ಟು ನಿಧಾನವಾಗಿ ಹರಡಿ ಕಳುಹಿಸಬೇಕೆಂಬ ಅಂಕಿ) 7, 125 ಕಿಲೊಹರ್ಟ್ಸ್ ಅಗಲದಲ್ಲಿ 3 ಬೈಟ್ ಮಾಹಿತಿಯ ಒಂದು ಪ್ಯಾಕೆಟ್ ಗಾಳಿಯಲ್ಲಿ ಸುಮಾರು 51 ಮಿಲಿಸೆಕೆಂಡ್ ಇರುತ್ತದೆ. ಅಂಥವು ನಾಲ್ಕು ಎಂದರೆ 200 ಮಿಲಿಸೆಕೆಂಡ್ ದಾಟಿತು. ಅದೇ ನಾಲ್ಕು ಓದಿಕೆಗಳನ್ನು 12 ಬೈಟ್‌ಗಳ ಒಂದೇ ಪ್ಯಾಕೆಟ್ಟಿನಲ್ಲಿ ಕಳುಹಿಸಿದರೆ ಸುಮಾರು 62 ಮಿಲಿಸೆಕೆಂಡಿಗೆ ಮುಗಿಯುತ್ತದೆ. ಅಂಕಿಗಳನ್ನು ಅಕ್ಷರಗಳಾಗಿ, ಹೆಸರು ಸಮೇತ ಬರೆದು ಕಳುಹಿಸುವ ಅಭ್ಯಾಸವನ್ನಂತೂ ಬಿಡಲೇಬೇಕು: 43.5 ಎಂಬುದನ್ನು 435 ಎಂಬ ಪೂರ್ಣಾಂಕ ಮಾಡಿದರೆ ಎರಡು ಬೈಟ್ ಸಾಕು.

ರೇಡಿಯೊ

ಭಾರತದಲ್ಲಿ 865ರಿಂದ 868 ಮೆಗಾಹರ್ಟ್ಸ್ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳು ಲೈಸೆನ್ಸ್ ಇಲ್ಲದೆ ಬಳಸಬಹುದಾಗಿದ್ದು, ನಮ್ಮ ತೋಟಗಳಿಗೆ ಲೋರಾ ಸೂಕ್ತವಾಗಿ ಒದಗುತ್ತದೆ. ಅದರಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ 7ರಿಂದ 12ರವರೆಗೆ ಇರುತ್ತದೆ; ಒಂದೊಂದು ಮೆಟ್ಟಿಲು ಏರಿದಾಗಲೂ ದೂರ ಹೆಚ್ಚುತ್ತದೆ, ಗಾಳಿಯಲ್ಲಿರುವ ಸಮಯ ಸುಮಾರು ದುಪ್ಪಟ್ಟಾಗುತ್ತದೆ. 10 ಬೈಟ್ ಮಾಹಿತಿಗೆ ಎಸ್‌ಎಫ್ 7ರಲ್ಲಿ ಸುಮಾರು 62 ಮಿಲಿಸೆಕೆಂಡ್, ಎಸ್‌ಎಫ್ 12ರಲ್ಲಿ ಸುಮಾರು 1480 ಮಿಲಿಸೆಕೆಂಡ್. ನಮ್ಮ ಮೊದಲ ಲೆಕ್ಕದ ನೋಡ್ ಎಸ್‌ಎಫ್ 12ಕ್ಕೆ ಹೋದರೆ ದಿನದ ಖರ್ಚು 0.84ರಿಂದ 2.35 ಎಂಎಎಚ್‌ಗೆ ಏರುತ್ತದೆ.

‘ಎಲ್ಲ ಕಡೆ ಸಿಗ್ನಲ್ ಸಿಗಲಿ’ ಎಂದು ಎಲ್ಲ ನೋಡ್‌ಗಳನ್ನೂ 12ರಲ್ಲಿ ಇಡುವುದು ಇದರಿಂದಲೇ ತಪ್ಪು. ಅದರ ಬದಲು ಗೇಟ್‌ವೇಯ (ಎಲ್ಲ ನೋಡ್‌ಗಳ ಮಾಹಿತಿ ಸ್ವೀಕರಿಸುವ ಕೇಂದ್ರ ಸಾಧನದ) ಆಂಟೆನಾವನ್ನು ಎತ್ತರಿಸಿ. ಮನೆಯೊಳಗಿನ ಕಪಾಟಿನ ಮೇಲಿರುವ ಆಂಟೆನಾವನ್ನು ಮಾಳಿಗೆಯ ಮೇಲಿನ ಕಬ್ಬಿಣದ ಪೈಪಿನ ತುದಿಗೆ ಏರಿಸಿದರೆ, ಒಂದು ಸಲದ ಆ ಖರ್ಚಿನಿಂದ ತೋಟದ ಅಷ್ಟೂ ನೋಡ್‌ಗಳ ಬ್ಯಾಟರಿ ವರ್ಷಾನುಗಟ್ಟಲೆ ಉಳಿಯುತ್ತದೆ. ಗೇಟ್‌ವೇಗೆ ಗೋಡೆಯ ಕರೆಂಟ್ ಇದೆ, ನೋಡ್‌ಗಳಿಗೆ ಇಲ್ಲ. ಭಾರವನ್ನೆಲ್ಲ ಗೇಟ್‌ವೇ ಹೊರಲಿ. ಲೋರಾವಾನ್ ಬಳಸುವವರು ಅಡಾಪ್ಟಿವ್ ಡೇಟಾ ರೇಟ್ ಸೌಲಭ್ಯವನ್ನು ಚಾಲೂ ಮಾಡಿದರೆ ನೆಟ್‌ವರ್ಕ್ ಸರ್ವರ್ ತಾನೇ ಪ್ರತಿ ನೋಡ್‌ಗೆ ಸಾಕಾಗುವಷ್ಟು ಕಡಿಮೆ ಎಸ್‌ಎಫ್ ಮತ್ತು ಪ್ರಸಾರ ಶಕ್ತಿಯನ್ನು ಸೂಚಿಸುತ್ತದೆ. ಕೈಯಿಂದ ಹೊಂದಿಸುವವರು ಒಂದು ವಿಷಯ ನೆನಪಿಡಬೇಕು: ಬೇಸಿಗೆಯಲ್ಲಿ ಒಣ ಗಾಳಿಯಲ್ಲಿ ಸರಿಯಾಗಿ ತಲುಪಿದ ಸಿಗ್ನಲ್, ಮಳೆಗಾಲದಲ್ಲಿ ಅಡಿಕೆಯ ಸೋಗೆಗಳೆಲ್ಲ ನೆನೆದಿರುವಾಗ ಕುಗ್ಗುತ್ತದೆ, ಹಾಗಾಗಿ ಅಂಚಿನಲ್ಲಿರುವ ನೋಡ್‌ಗಳಿಗೆ ಒಂದು ಮೆಟ್ಟಿಲು ಹೆಚ್ಚು ಕೊಡಿ.

ಪ್ರಸಾರ ಶಕ್ತಿಯಲ್ಲೂ ಅತಿಯಾಸೆ ಬೇಡ. ಎಸ್‌ಎಕ್ಸ್1276 ಎಂಬ ಲೋರಾ ರೇಡಿಯೊ ಚಿಪ್ಪು 20 ಡಿಬಿಎಂನಲ್ಲಿ (ಡಿಬಿಎಂ ಎಂದರೆ ಪ್ರಸಾರ ಶಕ್ತಿಯ ಅಳತೆ) 120 ಮಿಲಿಆಂಪಿಯರ್, 17 ಡಿಬಿಎಂನಲ್ಲಿ 87 ಮಿಲಿಆಂಪಿಯರ್ ಬಳಸುತ್ತದೆ. ಪ್ರತಿ ಸಂದೇಶಕ್ಕೂ ಸ್ವೀಕೃತಿ ಕೇಳುವುದನ್ನು ನಿಲ್ಲಿಸಿ, ತೇವಾಂಶದ ಒಂದು ಓದಿಕೆ ತಪ್ಪಿದರೆ ನಷ್ಟವೇನಿಲ್ಲ. ಕೊಳವೆಬಾವಿಯ ಮೋಟಾರ್ ಒಣಗಿ ಓಡುತ್ತಿದೆ ಎಂಬಂತಹ ಎಚ್ಚರಿಕೆಗೆ ಮಾತ್ರ ಸ್ವೀಕೃತಿ ಇರಲಿ. ಎಚ್ಚರವಾದಾಗಲೆಲ್ಲ ಜಾಲಕ್ಕೆ ಹೊಸದಾಗಿ ಸೇರುವ ವಿಧಿಯನ್ನು ನಡೆಸುವ ನೋಡ್‌ಗಳನ್ನೂ ನೋಡಿದ್ದೇನೆ. ಸೇರ್ಪಡೆಯ ಕೀಲಿಗಳನ್ನು ಮತ್ತು ಫ್ರೇಮ್ ಎಣಿಕೆಯನ್ನು ನಿದ್ರೆಯಲ್ಲೂ ಅಳಿಯದ ಸ್ಮೃತಿಯಲ್ಲಿ ಉಳಿಸಿಕೊಂಡರೆ ಆ ವ್ಯರ್ಥ ಪ್ರಸಾರ ಮತ್ತು ಕಾಯುವಿಕೆ ಎರಡೂ ತಪ್ಪುತ್ತವೆ.

ಮನೆಯ ಹತ್ತಿರದ ನೋಡ್‌ಗೆ ವೈಫೈ ಸಾಕೆನ್ನುವವರು ಸ್ಥಿರ ಐಪಿ ವಿಳಾಸ ಕೊಟ್ಟು, ರೂಟರಿನ ಚಾನೆಲ್ ಸಂಖ್ಯೆಯನ್ನು ಉಳಿಸಿಟ್ಟುಕೊಂಡರೆ ಸಂಪರ್ಕದ ಸಮಯ ಗಣನೀಯವಾಗಿ ತಗ್ಗುತ್ತದೆ. ಆದರೂ ಬ್ಯಾಟರಿಯ ನೋಡ್‌ಗೆ ವೈಫೈಯನ್ನು ನಾನು ಶಿಫಾರಸು ಮಾಡಲಾರೆ.

ಒಂದರಿಂದೊಂದಕ್ಕೆ ದಾಟಿಸುವ ಜಾಲವಾದರೆ

ನಾಲ್ಕಾರು ಎಕರೆ ತೋಟಕ್ಕೆ ಎಲ್ಲ ನೋಡ್‌ಗಳೂ ನೇರವಾಗಿ ಗೇಟ್‌ವೇಗೆ ಮಾತನಾಡುವ ನಕ್ಷತ್ರಾಕಾರದ ಜಾಲವೇ ಲೇಸು. ಚಿತ್ರದುರ್ಗದ ಗುಡ್ಡಗಳ ನಡುವೆ, ಕಲ್ಲುಬಂಡೆಗಳು ಅಡ್ಡ ನಿಂತ ಜಾಗಗಳಲ್ಲಿ ಮಾತ್ರ ನೋಡ್‌ನಿಂದ ನೋಡ್‌ಗೆ ದಾಟಿಸುವುದು ಅನಿವಾರ್ಯವಾಗಬಹುದು. ಅಲ್ಲಿ ಹೊಸ ಸಮಸ್ಯೆಗಳು ಹುಟ್ಟುತ್ತವೆ.

ಸೆನ್ಸರ್ ಜಾಲಗಳಿಗಾಗಿ 2002ರಲ್ಲಿ ವೈ ಯೆ, ಜಾನ್ ಹೈಡಮನ್ ಮತ್ತು ಡೆಬೊರಾ ಎಸ್ಟ್ರಿನ್ ಎಸ್-ಮ್ಯಾಕ್ (ಯಾವ ನೋಡ್ ಯಾವಾಗ ಮಾತನಾಡಬೇಕೆಂದು ನಿರ್ಧರಿಸುವ) ವಿಧಾನವನ್ನು ಮಂಡಿಸಿದಾಗ ಶಕ್ತಿ ಪೋಲಾಗುವ ನಾಲ್ಕು ದಾರಿಗಳನ್ನು ಗುರುತಿಸಿದ್ದರು: ಇಬ್ಬರು ಒಟ್ಟಿಗೆ ಮಾತನಾಡಿ ಡಿಕ್ಕಿಯಾಗುವುದು, ತನ್ನದಲ್ಲದ ಸಂದೇಶವನ್ನು ಆಲಿಸುವುದು, ನಿಯಂತ್ರಣ ಸಂದೇಶಗಳ ಹೊರೆ, ಮತ್ತು ಯಾರೂ ಮಾತನಾಡದಿದ್ದರೂ ಕಿವಿ ತೆರೆದು ಕೂರುವುದು. ಕೊನೆಯದೇ ಇಂದಿಗೂ ದೊಡ್ಡ ಖರ್ಚು. ಆ ನಂತರ ಬಂದ 2004ರ ಬಿ-ಮ್ಯಾಕ್, 2006ರ ಎಕ್ಸ್-ಮ್ಯಾಕ್ ವಿಧಾನಗಳಲ್ಲಿ ನೋಡ್ ಆಗಾಗ ಕ್ಷಣಮಾತ್ರ ಎದ್ದು ಗಾಳಿಯಲ್ಲಿ ಸದ್ದಿದೆಯೇ ಎಂದು ನೋಡಿ ಮತ್ತೆ ಮಲಗುತ್ತದೆ. ಅದು ಎದ್ದು ಕೇಳುವವರೆಗೆ ಕಳುಹಿಸುವ ನೋಡ್ ಮುನ್ಸೂಚನೆಯನ್ನು ಬಿ-ಮ್ಯಾಕ್‌ನಲ್ಲಿ ಉದ್ದ ಮಾಡುತ್ತದೆ, ಎಕ್ಸ್-ಮ್ಯಾಕ್‌ನಲ್ಲಿ ಚಿಕ್ಕ ಚಿಕ್ಕ ತುಣುಕುಗಳಾಗಿ ಮತ್ತೆ ಮತ್ತೆ ಕಳುಹಿಸುತ್ತದೆ.

ಇನ್ನೊಂದು ದಾರಿ ಎಂದರೆ ಎಲ್ಲ ನೋಡ್‌ಗಳೂ ಒಪ್ಪಿದ ಹೊತ್ತಿಗೆ ಏಳುವುದು. ಇದಕ್ಕೆ ಗಡಿಯಾರಗಳು ಹೊಂದಬೇಕು. 20 ಪಿಪಿಎಂ (ಹತ್ತು ಲಕ್ಷಕ್ಕೆ 20 ಪಾಲು) ವ್ಯತ್ಯಾಸದ ಗಡಿಯಾರದ ಕ್ರಿಸ್ಟಲ್ ದಿನಕ್ಕೆ ಸುಮಾರು 1.7 ಸೆಕೆಂಡ್ ಜಾರುತ್ತದೆ. ಒಂದು ಮುಂದಕ್ಕೆ, ಮತ್ತೊಂದು ಹಿಂದಕ್ಕೆ ಜಾರಿದರೆ ಅಂತರ 3.4 ಸೆಕೆಂಡ್. 32 ಕಿಲೊಹರ್ಟ್ಸ್ ಕ್ರಿಸ್ಟಲ್‌ಗಳು 25 ಡಿಗ್ರಿಗಿಂತ ಬಿಸಿಯಾದಷ್ಟೂ ನಿಧಾನವಾಗುವುದರಿಂದ, ಚಳ್ಳಕೆರೆಯ ಏಪ್ರಿಲ್ ಬಿಸಿಲಿಗೆ ಕಾದ ಡಬ್ಬಿಯೊಳಗಿನ ನೋಡ್ ಮತ್ತು ಮರದ ನೆರಳಿನ ನೋಡ್ ಒಂದೇ ಲಯದಲ್ಲಿ ನಡೆಯುವುದಿಲ್ಲ. ಆದ್ದರಿಂದ ಪ್ರತಿ ಸಂದೇಶದ ಜೊತೆಗೇ ಸಮಯವನ್ನು ಸರಿಪಡಿಸಿಕೊಳ್ಳುವ ವ್ಯವಸ್ಥೆ ಬೇಕು.

ಗೇಟ್‌ವೇಗೆ ಹತ್ತಿರದ ನೋಡ್‌ಗಳು ಉಳಿದವರ ಹೊರೆಯನ್ನೂ ಹೊತ್ತು ಬೇಗ ಸಾಯುತ್ತವೆ. ಅವು ಸತ್ತರೆ ದೂರದವು ಬದುಕಿದ್ದೂ ಪ್ರಯೋಜನವಿಲ್ಲ. ವೆಂಡಿ ಹೈನ್ಝೆಲ್ಮನ್ ಮತ್ತು ಸಹೋದ್ಯೋಗಿಗಳು 2000ದಲ್ಲಿ ಸೂಚಿಸಿದ ಲೀಚ್ ವಿಧಾನ ಗುಂಪಿನ ಮುಖ್ಯಸ್ಥನ ಸ್ಥಾನವನ್ನು ಸರದಿಯ ಮೇಲೆ ಹಂಚಿ ಹೊರೆಯನ್ನು ಸಮಗೊಳಿಸುತ್ತದೆ. ತೋಟದ ಮಟ್ಟಿಗೆ ಇನ್ನೂ ಸರಳ ಉಪಾಯವೆಂದರೆ, ದಾಟಿಸುವ ಒಂದೆರಡು ನೋಡ್‌ಗಳನ್ನು ಪಂಪ್‌ಹೌಸ್‌ನಂತಹ ಕರೆಂಟ್ ಇರುವ ಜಾಗದಲ್ಲಿ ಇಡುವುದು.

ಕರೆಂಟ್ ಹೋದಾಗ

ಆದರೆ ಪಂಪ್‌ಹೌಸ್‌ನಲ್ಲಿ ತ್ರೀ ಫೇಸ್ ಕರೆಂಟ್ ದಿನದ ಕೆಲವೇ ಗಂಟೆ ಇರುತ್ತದೆ ಎಂಬುದು ಎಲ್ಲರಿಗೂ ತಿಳಿದದ್ದೇ. ಗೇಟ್‌ವೇ ಅಥವಾ ದಾಟಿಸುವ ನೋಡ್ ಆರಿಹೋದಾಗ ಉತ್ತರ ಸಿಗದ ನೋಡ್‌ಗಳು ಮತ್ತೆ ಮತ್ತೆ ಕಳುಹಿಸುತ್ತ, ಎಸ್‌ಎಫ್ ಏರಿಸುತ್ತ ಒಂದೇ ರಾತ್ರಿಯಲ್ಲಿ ವಾರಗಳ ಬ್ಯಾಟರಿ ಕಳೆಯಬಲ್ಲವು. ಮರುಪ್ರಯತ್ನಕ್ಕೆ ಮಿತಿ ಹಾಕಿ: ಎರಡು ಸಲ ವಿಫಲವಾದರೆ ಓದಿಕೆಯನ್ನು ಸ್ಮೃತಿಯಲ್ಲಿಟ್ಟು ಮಲಗಲಿ, ಮುಂದಿನ ಪ್ರಯತ್ನದ ಅಂತರ ಪ್ರತಿ ಸಲವೂ ಇಮ್ಮಡಿಯಾಗಲಿ. ಗೇಟ್‌ವೇಗೆ ಒಂದು ಚಿಕ್ಕ ಯುಪಿಎಸ್ ಇದ್ದರೆ ಈ ತೊಂದರೆ ಬಹುಮಟ್ಟಿಗೆ ಬಾರದು.

ಬ್ಯಾಟರಿ, ಸೌರಫಲಕ, ಡಬ್ಬಿ

ಸೌರಫಲಕ ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಬಹಳ ಕೇಳುತ್ತೇವೆ. ತೂಬು ಸೋರುವ ಕೆರೆ ಮಳೆ ಬಂದ ಮಾತ್ರಕ್ಕೆ ತುಂಬಿ ನಿಲ್ಲುವುದಿಲ್ಲ. ನಿದ್ರೆಯಲ್ಲೇ ಮಿಲಿಆಂಪಿಯರ್ ಕಳೆಯುವ ನೋಡ್‌ಗೆ ಫಲಕದಿಂದ ಸಿಗುವುದೂ ತಾತ್ಕಾಲಿಕ ನೆಮ್ಮದಿಯೇ. ಬಲಿತ ಅಡಿಕೆ ತೋಟದೊಳಗೆ ನೆರಳು ದಟ್ಟವಾಗಿರುವುದರಿಂದ ಸಣ್ಣ ಫಲಕದ ಉತ್ಪತ್ತಿ ತೀರಾ ಕಡಿಮೆ. ಬಯಲಿನ ಶೇಂಗಾ ಹೊಲದಲ್ಲಿ ಬಿಸಿಲು ಧಾರಾಳ, ಆದರೆ ಧೂಳು ಕೂತ ಫಲಕವನ್ನು ಆಗಾಗ ಒರೆಸಬೇಕು.

ತೋಟದ ನೆರಳಿನಲ್ಲಿ ಚಾರ್ಜ್ ಇಲ್ಲದೆ ಓಡುವ ನೋಡ್‌ಗೆ 3.6 ವೋಲ್ಟ್ ಲಿಥಿಯಂ ಥಯೊನಿಲ್ ಕ್ಲೋರೈಡ್ ಸೆಲ್ ಉತ್ತಮ. ವರ್ಷಕ್ಕೆ ಶೇಕಡಾ ಒಂದರ ಆಸುಪಾಸು ಮಾತ್ರ ತಾನಾಗಿ ಇಳಿಯುತ್ತದೆ. ಆದರೆ ಅದು ಒಮ್ಮೆಲೇ ಹೆಚ್ಚು ಕರೆಂಟ್ ಕೊಡಲಾರದು, ರೇಡಿಯೊದ ಕ್ಷಣಿಕ ಬೇಡಿಕೆಗೆ ಪಕ್ಕದಲ್ಲಿ ಸೋರಿಕೆ ಕಡಿಮೆ ಇರುವ ಕೆಪಾಸಿಟರ್ ಬೇಕು. ಬಿಸಿಲಿನಲ್ಲಿ ಫಲಕದೊಂದಿಗೆ ಓಡುವ ನೋಡ್‌ಗೆ ಲಿಥಿಯಂ ಐರನ್ ಫಾಸ್ಫೇಟ್ ಆಯ್ದುಕೊಳ್ಳಿ. ಸಾಮಾನ್ಯ ಲಿಥಿಯಂ ಅಯಾನ್ ಸೆಲ್‌ಗಳನ್ನು 45 ಡಿಗ್ರಿಗಿಂತ ಮೇಲೆ ಚಾರ್ಜ್ ಮಾಡಬಾರದು, ಮುಚ್ಚಿದ ಡಬ್ಬಿ ಬಿಸಿಲಿಗೆ ಆ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಡಬ್ಬಿ ಬಿಳಿಯದಿರಲಿ, ಫಲಕದ ಕೆಳಗಿನ ನೆರಳಿನಲ್ಲಿರಲಿ.

ತೋಟದ ತೇವವೂ ಶಕ್ತಿಯ ವೈರಿ. ಬೋರ್ಡಿನ ಮೇಲೆ ಕುಳಿತ ತೇವ ಮತ್ತು ಧೂಳು, ಕೇಬಲ್ಲಿನ ತೂತಿನಿಂದ ಒಳಹೊಕ್ಕ ಇರುವೆಗಳ ಗೂಡು, ಎರಡೂ ಪಿನ್‌ಗಳ ನಡುವೆ ಮೈಕ್ರೊಆಂಪಿಯರ್‌ಗಳ ಸೋರಿಕೆ ಉಂಟುಮಾಡುತ್ತವೆ. ಬೋರ್ಡಿಗೆ ಕನ್‌ಫಾರ್ಮಲ್ ಲೇಪನ (ತೇವ ತಡೆಯುವ ತೆಳು ಪದರ) ಕೊಟ್ಟು, ಕೇಬಲ್ ಡಬ್ಬಿಯ ತಳದಿಂದ ಒಳಬರುವಂತೆ ಮಾಡಿ ಗ್ಲ್ಯಾಂಡ್ ಬಿಗಿದು, ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಿ.

ಹಾಕಿದ ಮೇಲೆ

ಪ್ರತಿ ಸಂದೇಶದಲ್ಲೂ ಬ್ಯಾಟರಿಯ ವೋಲ್ಟೇಜ್ ಸೇರಿಸಿ. ಒಂದು ಬೈಟ್ ಸಾಕು. ಅದನ್ನು ನಿದ್ರೆಯಿಂದ ಎದ್ದ ಕೂಡಲೇ ಅಳೆಯುವುದರ ಜೊತೆಗೆ ಪ್ರಸಾರದ ಸಮಯದಲ್ಲಿ, ಹೊರೆ ಬಿದ್ದಿರುವಾಗಲೂ ಅಳೆಯಿರಿ. ಎರಡರ ನಡುವಿನ ಅಂತರ ದಿನೇದಿನೇ ಹೆಚ್ಚುತ್ತಿದ್ದರೆ ಸೆಲ್ ಒಳಗಿನಿಂದ ಹಳತಾಗುತ್ತಿದೆ ಎಂದರ್ಥ, ಅದನ್ನು ಬದಲಿಸಬೇಕು. ಅಂತರ ಹಾಗೆಯೇ ಇದ್ದು ಎರಡೂ ಅಂಕಿಗಳು ನೆರೆಯ ನೋಡ್‌ಗಳಿಗಿಂತ ಬೇಗ ಇಳಿಯುತ್ತಿದ್ದರೆ ಸೆಲ್ಲಿನ ದೋಷವಲ್ಲ. ಆ ನೋಡ್‌ನ ಎಸ್‌ಎಫ್ ಏರಿದೆಯೇ ಎಂದು ಗೇಟ್‌ವೇ ದಾಖಲೆಯಲ್ಲಿ ಮೊದಲು ನೋಡಿ. ಏರಿಲ್ಲದಿದ್ದರೆ ಡಬ್ಬಿ ಬಿಚ್ಚಿ, ಒಣಗಿಸಿ, ಸೆನ್ಸರಿನ ತಂತಿ ಇರುವಾಗ ಒಮ್ಮೆ, ಕಳಚಿ ಇನ್ನೊಮ್ಮೆ ಕೆಪಾಸಿಟರ್ ವಿಧಾನದಿಂದ ನಿದ್ರೆಯ ಕರೆಂಟನ್ನು ಅಳೆಯಿರಿ. ತಂತಿ ಕಳಚಿದಾಗ ಸೋರಿಕೆ ನಿಂತರೆ ದೋಷ ಮಣ್ಣಿನೊಳಗಿನ ಸೆನ್ಸರಿನಲ್ಲಿದೆ, ನಿಲ್ಲದಿದ್ದರೆ ಬೋರ್ಡಿನಲ್ಲಿದೆ.